ನಿನ್ ಥುವಾನ್: ಮಳೆ ಕಾಣದ ಕರಾವಳಿಯ ನೆಲ ಮತ್ತು ಜನ

ವಿಯೆಟ್ನಾಂ ದೇಶದ ದಕ್ಷಿಣ-ಮಧ್ಯ ಕರಾವಳಿಯ ನಿನ್ ಥುವಾನ್ ಪ್ರಾಂತ್ಯವು 2025ರ ಜುಲೈ 1ರಂದು ನೆರೆಯ ಖಾನ್ ಹ್ವಾ ಪ್ರಾಂತ್ಯದಲ್ಲಿ ವಿಲೀನಗೊಂಡಿತಾದರೂ, ಅಲ್ಲಿನ ನೆಲಕ್ಕೂ ಜನಜೀವನಕ್ಕೂ ಇರುವ ನಂಟು ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾಗಿದೆ. ಮೂರು ಕಡೆ ಬೆಟ್ಟಗಳಿಂದಲೂ ಒಂದು ಕಡೆ ಕಡಲಿನಿಂದಲೂ ಸುತ್ತುವರಿದ ಫಾನ್ ರಾಂಗ್ ಬಯಲಿನಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಷ್ಟೇ ಬೀಳುತ್ತದೆ; ವಿಯೆಟ್ನಾಂನಲ್ಲಿ ಇದಕ್ಕಿಂತ ಒಣಗಿದ ಪ್ರದೇಶ ಬೇರೊಂದಿಲ್ಲ. ನೈಋತ್ಯ ಮಾರುತಗಳು ಪಶ್ಚಿಮದ ಪರ್ವತಶ್ರೇಣಿಯನ್ನು ಏರುವಾಗಲೇ ತಮ್ಮ ತೇವಾಂಶದ ಬಹುಪಾಲನ್ನು ಸುರಿಸಿಬಿಡುವುದರಿಂದ ಈ ಬಯಲು ಮಳೆನೆರಳಿನಲ್ಲಿ, ಅಂದರೆ ಬೆಟ್ಟದ ಮರೆಗೆ ಸಿಕ್ಕಿ ಮಳೆ ವಂಚಿತವಾದ ಭಾಗದಲ್ಲಿ, ಉಳಿದುಹೋಗಿದೆ. ಆದರೆ ಉಪ್ಪು, ದ್ರಾಕ್ಷಿ, ಕುರಿ ಸಾಕಣೆಗಳಿಗೆ ಈ ಪ್ರದೇಶ ಹೆಸರಾಗಿರುವುದೂ ಇದೇ ಒಣಹವೆಯಿಂದ.

ಕಡಲತೀರದಲ್ಲಿಯೂ ಪಟ್ಟಣಗಳಲ್ಲಿಯೂ ಬಹುಸಂಖ್ಯಾತರಾದ ಕಿನ್ ಜನರಿದ್ದರೆ, ಬಯಲಿನ ಹಳ್ಳಿಗಳಲ್ಲಿ ಚಾಮರೂ ಬೆಟ್ಟಗಳಲ್ಲಿ ರಗ್ಲಾಯರೂ ನೆಲೆಸಿದ್ದಾರೆ. ಚಾಮರ ಪೂರ್ವಜರು ಕಟ್ಟಿದ ಚಂಪಾ ರಾಜ್ಯಗಳಲ್ಲಿ ಕೊನೆಯವರೆಗೂ ಉಳಿದದ್ದು ಇಲ್ಲಿನ ಪಾಂಡುರಂಗ. 1832ರಲ್ಲಿ ಚಕ್ರವರ್ತಿ ಮಿನ್ ಮಾಂಗ್ ಅದರ ಅಳಿದುಳಿದ ಸ್ವಾಯತ್ತತೆಯನ್ನೂ ಕೊನೆಗಾಣಿಸಿದನು. ಫಾನ್ ರಾಂಗ್ ಬಳಿಯ ಗುಡ್ಡದ ಮೇಲಿರುವ ಪೊ ಕ್ಲೋಂಗ್ ಗರಾಯ್ ಇಟ್ಟಿಗೆ ದೇಗುಲದ ಬಾಗಿಲ ಮೇಲೆ ನರ್ತಿಸುವ ಶಿವನ ಶಿಲ್ಪವಿದ್ದು, ಗರ್ಭಗುಡಿಯಲ್ಲಿ ಮುಖಲಿಂಗ, ಅಂದರೆ ಮನುಷ್ಯಮುಖವನ್ನು ಕಡೆದ ಶಿವಲಿಂಗ, ಇದೆ. ಜನರು ಅದನ್ನು ನೀರಾವರಿಗೆ ಅಣೆಕಟ್ಟು ಕಟ್ಟಿಸಿದನೆಂದು ನಂಬಲಾದ ರಾಜ ಪೊ ಕ್ಲೋಂಗ್ ಗರಾಯ್‌ನ ರೂಪವೆಂದೇ ಪೂಜಿಸುತ್ತಾರೆ. ನೀರು ಅಪರೂಪವಾದ ನಾಡಿನಲ್ಲಿ ನೀರು ಕೊಟ್ಟ ಅರಸನೇ ದೈವವಾಗಿರುವುದು ಸಹಜವಾಗಿದೆ.

ಇಲ್ಲಿನ ಚಾಮರಲ್ಲಿ ಶೈವ ಪರಂಪರೆಯ ಅಹಿಯೆರ್ ಮತ್ತು ಇಸ್ಲಾಮಿನ ಪ್ರಭಾವವನ್ನು ಸ್ಥಳೀಯ ಆಚರಣೆಗಳೊಡನೆ ಬೆರೆಸಿಕೊಂಡ ಅವಾಲ್ ಎಂಬ ಎರಡು ಪಂಗಡಗಳಿದ್ದು, ಇವೆರಡೂ ಹೆಣ್ಣು-ಗಂಡಿನಂತೆ ಒಂದನ್ನೊಂದು ಪೂರೈಸುತ್ತವೆ ಎಂಬುದು ಅವರ ತಿಳಿವಳಿಕೆ. ಚಾಮರ ವಂಶಾವಳಿ ತಾಯಿಯ ಕಡೆಯಿಂದ ಸಾಗುತ್ತದೆ, ಕುಶಲಕಲೆಯೂ ಹಾಗೆಯೇ. ಬಾವ್ ಚುಕ್ ಹಳ್ಳಿಯ ಕುಂಬಾರಗಿತ್ತಿಯರು ತಿಗರಿಯನ್ನು ಬಳಸದೆ, ಪೀಠದ ಮೇಲಿಟ್ಟ ಮಣ್ಣಿನ ಮುದ್ದೆಯ ಸುತ್ತ ತಾವೇ ತಿರುಗುತ್ತ ಮಡಕೆಯನ್ನು ಎತ್ತರಿಸಿ, ಕೊನೆಗೆ ಬಯಲಿನಲ್ಲೇ ಸೌದೆ-ಹುಲ್ಲುಗಳ ಬೆಂಕಿಯಲ್ಲಿ ಸುಡುತ್ತಾರೆ. 2022ರಲ್ಲಿ ಯುನೆಸ್ಕೊ ಚಾಮರ ಈ ಕುಂಬಾರಿಕೆಯನ್ನು ತುರ್ತು ಸಂರಕ್ಷಣೆ ಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಬೆಟ್ಟ-ಬಯಲುಗಳ ಸಂಬಂಧ ಅತ್ಯಂತ ಸ್ಪಷ್ಟವಾಗಿ ಕಾಣುವುದು ಚಾಮ್ ಪಂಚಾಂಗದ ಏಳನೆಯ ತಿಂಗಳ ಆರಂಭದಲ್ಲಿ ನಡೆಯುವ ಕಾತೆ ಹಬ್ಬದಲ್ಲಿ. ಚಾಮರ ದೇವತೆಯ ಉಡುಪುಗಳನ್ನು ಕಾಯ್ದಿಟ್ಟುಕೊಂಡ ರಗ್ಲಾಯರು ಹಬ್ಬದ ಮುನ್ನಾದಿನ ಅವನ್ನು ಬೆಟ್ಟದಿಂದ ಇಳಿಸಿ ತರುತ್ತಾರೆ. ಮನೆತನದ ಆಸ್ತಿ ಕಿರಿಯ ಮಗಳ ವಶಕ್ಕೆ ಬರುವ ಪದ್ಧತಿಗೆ ಅನುಗುಣವಾಗಿ ರಗ್ಲಾಯರನ್ನು ಚಾಮರು ಕಿರಿಯ ತಂಗಿಯೆಂದು ಭಾವಿಸುತ್ತಾರೆ. ಒಂದು ಸಮುದಾಯದ ಪವಿತ್ರ ವಸ್ತು ಇನ್ನೊಂದರ ಕಾವಲಿನಲ್ಲಿರುವ ಇಂಥ ನಾಡಿನಲ್ಲಿ ಒಂದು ಜನಾಂಗದ ಸಂಸ್ಕೃತಿಯನ್ನು ಮಾತ್ರ ಬೇರ್ಪಡಿಸಿ ಉಳಿಸಲು ಸಾಧ್ಯವಿಲ್ಲ. ಚಾಮರ ಹಬ್ಬ ಮುಂದುವರಿಯಬೇಕಾದರೆ ರಗ್ಲಾಯರ ಬೆಟ್ಟದ ಬದುಕೂ ಉಳಿಯಬೇಕು.