ಚಕ್ಕುಬಂದಿಯ ಜಗಳ



ಹಳೆಯ ಕ್ರಯಪತ್ರಗಳ ಚಕ್ಕುಬಂದಿ ಓದಿ ನೋಡೋಣ. ಪೂರ್ವಕ್ಕೆ ಇಂಥವನ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಹುಣಸೆಮರ, ದಕ್ಷಿಣಕ್ಕೆ ಬಂಡಿದಾರಿ. ಹೊಲ ಕೈಬದಲಾಯಿತು, ಹಳ್ಳ ಸರಿಯಿತು, ಮರ ಉರುಳಿತು. ಉಳಿದದ್ದು ಕಾಗದ, ಅದನ್ನು ಬಲವುಳ್ಳವನು ತನಗೆ ಬೇಕಾದಂತೆ ಓದುತ್ತಾನೆ.

ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಆರಂಭವಾದದ್ದು 1863ರಲ್ಲಿ. ಸರ್ವೆಯ ಸರಪಳಿ 33 ಅಡಿ. ಒಂದು ಸರಪಳಿ ಚೌಕವೇ ಗುಂಟೆ, 1089 ಚದರಡಿ. ಒಂದು ಬದಿಯ ಬೇಲಿ ಒಂದಡಿ ಒಳಸರಿದರೆ 33 ಚದರಡಿ ಹೋಯಿತು. ಜಮೀನ್ದಾರನಿಗೆ ಇದು ಲೆಕ್ಕವಲ್ಲ. ಮಿಲ್ಲಿನ ಕೂಲಿಯಲ್ಲಿ ಗುಂಟೆ ಜಾಗ ಕೊಂಡವನಿಗೆ ಅದೊಂದು ಅಡಿಗೆಮನೆ.

ಆದ್ದರಿಂದ ಪತ್ರವೊಂದನ್ನೇ ನಂಬಿ ಹಣ ಕೊಡಬಾರದು. ಸರ್ವೆ ಟಿಪ್ಪಣಿಯ ನಕಲು ತೆಗೆಸೋಣ. ಹದ್ದುಬಸ್ತಿಗೆ ಅರ್ಜಿ ಕೊಟ್ಟು, ಸುತ್ತಲಿನವರೆದುರು ಅಳೆಸಿ, ಬಾಂದುಕಲ್ಲು ನೆಡಿಸೋಣ. ಒಬ್ಬನೇ ಹೋದರೆ ಅಲೆದಾಟ. ಬೀದಿಯವರೆಲ್ಲ ಕೂಡಿ ಹೋದರೆ ಅಳತೆ.