ತೆನೆಹಬ್ಬ: ಹಂಚಿ ಉಣ್ಣುವ ಮನೆ

(ಸೆಪ್ಟೆಂಬರ್ 8, ಮರಿಯ ಮಾತೆಯ ಜನ್ಮದಿನದ ಹಬ್ಬದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಆಗಸ್ಟ್ 30ರಿಂದ ಒಂಬತ್ತು ದಿನ ನಮ್ಮ ಮಕ್ಕಳು ಮಳೆಯನ್ನೂ ಲೆಕ್ಕಿಸದೆ ದಾಸವಾಳ, ಕೇಪಳ, ಗುಡ್ಡದ ಕಾಡುಹೂಗಳನ್ನು ತಂದು ಬಾಲಮರಿಯಮ್ಮನಿಗೆ ಅರ್ಪಿಸಿದ್ದೀರಿ. ಇಂದು ಹೂವಿನ ಜೊತೆಗೆ ಹೊಸ ಭತ್ತದ ತೆನೆಯೂ ಬಲಿಪೀಠದ ಮುಂದಿದೆ. ಪೂಜೆಯ ನಂತರ ಪ್ರತಿ ಮನೆಗೂ ಆಶೀರ್ವದಿಸಿದ ತೆನೆ ಹೋಗುತ್ತದೆ. ಕೊಂಕಣಿ ಮಾತಾಡುವವರಿಗೆ ಇದು ಮೊಂತಿ ಫೆಸ್ತ್, ಹೊಸ ಅನ್ನದ ಊಟ ‘ನೊವೆಂ’. ಕನ್ನಡದಲ್ಲಿ ನಾವು ತೆನೆಹಬ್ಬ ಎನ್ನುತ್ತೇವೆ.

ಈ ಸಲ ಈ ತೆನೆ ಸುಲಭವಾಗಿ ಸಿಗಲಿಲ್ಲ. ಹಿಂದೆ ಇಗರ್ಜಿಯ ಸುತ್ತಲೂ ಗದ್ದೆಗಳಿದ್ದವು ಎಂದು ಹಿರಿಯರು ಹೇಳುತ್ತಾರೆ. ಈಗ ಕೆಲವು ಅಡಿಕೆ ತೋಟವಾಗಿವೆ, ಕೆಲವು ಆಳು ಸಿಗದೆ ಹಡಿಲು ಬಿದ್ದಿವೆ. ನಮ್ಮ ಗುರಿಕಾರರು ಊರೆಲ್ಲ ಸುತ್ತಿ, ಕೊನೆಗೆ ಒಬ್ಬ ಹಿಂದೂ ರೈತರ ಗದ್ದೆಗೆ ಹೋದರು. ಅವರು ದುಡ್ಡು ಮುಟ್ಟಲಿಲ್ಲ. “ನಮ್ಮಲ್ಲೂ ಕದಿರು ಕಟ್ಟುವುದು, ಹೊಸ ಅಕ್ಕಿ ಊಟ ಎಲ್ಲಾ ಇದೆಯಲ್ಲ, ಅಮ್ಮನಿಗೆ ಬೇಕಾದಷ್ಟು ಕೊಯ್ದುಕೊಳ್ಳಿ” ಎಂದರು. ಇಂದು ನಿಮ್ಮ ಕೈಗೆ ಬರುವ ತೆನೆ ಆ ಗದ್ದೆಯದು. ಅವರ ಮನೆಗಾಗಿಯೂ ಪ್ರಾರ್ಥಿಸೋಣ.

ಪ್ರಿಯರೇ, ಮರಿಯ ಮಾತೆಯ ಜನನದ ಬಗ್ಗೆ ಬೈಬಲಿನಲ್ಲಿ ಒಂದು ಮಾತೂ ಇಲ್ಲ. ಜೋಕಿಂ ಮತ್ತು ಅನ್ನಮ್ಮ ಎಂಬ ತಂದೆತಾಯಿಯ ಹೆಸರು ಧರ್ಮಸಭೆಯ ಪರಂಪರೆಯಿಂದ ಬಂದದ್ದು. ಆದ್ದರಿಂದ ಇಂದಿನ ಶುಭಸಂದೇಶಕ್ಕೆ ಸಂತ ಮತ್ತಾಯನು ಬರೆದ ವಂಶಾವಳಿಯನ್ನು ಓದುತ್ತೇವೆ. ಅಬ್ರಹಾಮನಿಂದ ಹಿಡಿದು ಒಂದಾದ ಮೇಲೊಂದು ಹೆಸರು. ಕೇಳುವಾಗ ನಿಮ್ಮಲ್ಲಿ ಕೆಲವರಿಗೆ ಆಕಳಿಕೆ ಬಂದದ್ದನ್ನು ನಾನು ನೋಡಿದೆ! ಆದರೆ ಆ ಪಟ್ಟಿಯ ನಡುವೆ ತೆನೆಗೆ ಸಂಬಂಧಿಸಿದ ಒಂದು ಹೆಸರಿದೆ. ಅದು ರೂತಳ ಹೆಸರು.

ರೂತಳು ಮೋವಾಬ್ ನಾಡಿನ ಹೆಣ್ಣು. ಗಂಡ ಸತ್ತಿದ್ದ. ಆದರೂ ವಿಧವೆಯಾದ ಮುದಿ ಅತ್ತೆ ನವೊಮಿಯ ಕೈಬಿಡದೆ ಆಕೆಯ ಜೊತೆ ಬೆತ್ಲೆಹೇಮಿಗೆ ಬಂದಳು. ಬೆತ್ಲೆಹೇಮ್ ಎಂದರೆ ರೊಟ್ಟಿಯ ಮನೆ ಎಂದು ಅರ್ಥ. ಆ ರೊಟ್ಟಿಯ ಮನೆಯಲ್ಲಿ ಇವರಿಬ್ಬರಿಗೆ ತುತ್ತು ಅನ್ನಕ್ಕೆ ಗತಿಯಿರಲಿಲ್ಲ. ಹೊಲದ ಅಂಚಿನ ಪೈರನ್ನು ಕೊಯ್ಯಬಾರದು, ಬಿದ್ದ ತೆನೆಯನ್ನು ಆಯಬಾರದು, ಅದು ಬಡವರಿಗೂ ಪರದೇಶಿಯರಿಗೂ ಸೇರಿದ್ದು ಎಂದು ಯಾಜಕಕಾಂಡದ 19ನೇ ಅಧ್ಯಾಯ ಹೇಳುತ್ತದೆ. ಆ ಹಕ್ಕಿನಿಂದ ರೂತಳು ತೆನೆ ಆಯಲು ಹೋದಳು. ಹೊಲದ ಯಜಮಾನ ಬೋವಜನು ಅಷ್ಟಕ್ಕೇ ನಿಲ್ಲಲಿಲ್ಲ. ಕಟ್ಟಿದ ಸಿವುಡಿನಿಂದಲೂ ತೆನೆ ಎಳೆದು ಅವಳಿಗಾಗಿ ಬೀಳಿಸಿರಿ ಎಂದು ಆಳುಗಳಿಗೆ ಹೇಳಿದ. ತಮ್ಮ ಜೊತೆ ಊಟಕ್ಕೂ ಕರೆದ. ರೂತಳು ಹೊಟ್ಟೆ ತುಂಬ ಉಂಡಳು. ಮಿಕ್ಕಿದ್ದನ್ನು ಎತ್ತಿಟ್ಟುಕೊಂಡು ಮನೆಯಲ್ಲಿದ್ದ ಅತ್ತೆಗೆ ತಂದುಕೊಟ್ಟಳು. ಈ ರೂತಳೇ ದಾವೀದ ಅರಸನ ಮುತ್ತಜ್ಜಿ. ಬಿದ್ದ ತೆನೆಯನ್ನು ಆಯ್ದು ತಂದವಳ ವಂಶದಲ್ಲಿಯೇ, ಜೀವದ ರೊಟ್ಟಿಯಾದ ಯೇಸುಸ್ವಾಮಿ ಹುಟ್ಟಿದರು.

ಇನ್ನು ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಈ ಹಿಂದೆ ನಾನಿದ್ದ ಧರ್ಮಕೇಂದ್ರದಲ್ಲಿ ತೆನೆ ಹಂಚುವಾಗ ಒಬ್ಬ ಮುದುಕಿ ಬಂದು, “ಫಾದರ್, ನನಗೆ ನಾಲ್ಕು ತೆನೆ ಬೇಕಿತ್ತು” ಎಂದರು. ಸಾಲು ಉದ್ದವಾಗಿತ್ತು. “ಮನೆಗೆ ಒಂದೇ ಬಾಯಮ್ಮಾ” ಎಂದೆ. ಅವರು ಮಾತಾಡದೆ ಒಂದನ್ನೇ ಕಣ್ಣಿಗೊತ್ತಿಕೊಂಡು ಹೋದರು. ಆ ಮಧ್ಯಾಹ್ನ ನಾನು ಗುರುಮನೆಯಲ್ಲಿ ಬಾಳೆಲೆಯ ಮುಂದೆ ಕುಳಿತು ಪಾಯಸದವರೆಗೆ ಚೆನ್ನಾಗಿಯೇ ಉಂಡೆ.

ಎರಡು ದಿನ ಬಿಟ್ಟು ಅವರ ಮನೆಗೆ ಪರಮಪ್ರಸಾದ ಕೊಂಡೊಯ್ದೆ. ಜ್ವರ ಬಂದು ಮಲಗಿದ್ದರು. ಮೇಜಿನ ಮೇಲೆ ನಾಲ್ಕು ಲಕೋಟೆಗಳಿದ್ದವು. ಆ ಒಂದೇ ತೆನೆಯ ಕಾಳುಗಳನ್ನು ಬಿಡಿಸಿ, ಊರು ಬಿಟ್ಟ ನಾಲ್ವರು ಮಕ್ಕಳಿಗೆ ಅಂಚೆಯಲ್ಲಿ ಕಳಿಸಲು ಪಾಲು ಮಾಡಿಟ್ಟಿದ್ದರು. “ಹಬ್ಬದ ದಿನ ಊಟಕ್ಕೆ ಯಾರಿದ್ದರು ಬಾಯಮ್ಮಾ?” ಎಂದು ಕೇಳಿದೆ. “ಒಬ್ಬಳಿಗೆ ಎಂಥ ಹಬ್ಬ ಫಾದರ್? ಗಂಜಿ ಇತ್ತು” ಎಂದರು. ಅವರ ಮನೆ ಇಗರ್ಜಿಯಿಂದ ಹೆಚ್ಚು ದೂರವಿರಲಿಲ್ಲ. ಬಾಳೆಲೆಯ ಮುಂದೆ ಕುಳಿತಾಗ ನನಗೆ ಅವರ ನೆನಪೇ ಬಂದಿರಲಿಲ್ಲ. ಅಂದು ಹೊಲದ ಅಂಚಿನವರೆಗೂ ಕೊಯ್ದುಕೊಂಡವನು ನಾನು.

ಪ್ರಿಯರೇ, ನಮ್ಮ ವಾರ್ಡುಗಳಲ್ಲಿಯೂ ಇಂಥ ಮನೆಗಳಿವೆ. ಮಕ್ಕಳು ಗಲ್ಫಿನಲ್ಲಿ, ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ. ಮನೆಗೆ ಹೊಸ ಹಂಚು, ಹೊಸ ಟೈಲ್ಸ್ ಬಂದಿದೆ, ಒಳಗೆ ಮಾತಾಡಲು ಜನವಿಲ್ಲ. ದೂರ ಹೋದ ಮಕ್ಕಳನ್ನು ನಾನು ದೂಷಿಸುವುದಿಲ್ಲ. ಅವರು ಕಳಿಸಿದ ಹಣದಿಂದಲೇ ಎಷ್ಟೋ ಒಲೆಗಳು ಉರಿಯುತ್ತಿವೆ. ಆದರೆ ಇಲ್ಲಿಯೇ ಇರುವ ನಾವೇನು ಮಾಡುತ್ತಿದ್ದೇವೆ? ಪಾಲಿನ ನಂತರ ನಡುವೆ ಗೋಡೆ ಎಬ್ಬಿಸಿ, ಬಾವಿಯ ನೀರಿಗೂ ಲೆಕ್ಕ ಹಾಕುವ ಅಣ್ಣತಮ್ಮಂದಿರು ನಮ್ಮಲ್ಲಿಲ್ಲವೇ? ಗೋಡೆಯ ಈ ಕಡೆಗೊಂದು, ಆ ಕಡೆಗೊಂದು ತೆನೆ ಇಂದು ಹೋಗುತ್ತದೆ. ಎರಡೂ ಒಂದೇ ಗದ್ದೆಯವು, ಒಂದೇ ಪೂಜೆಯಲ್ಲಿ ಆಶೀರ್ವಾದ ಪಡೆದವು.

ಆದ್ದರಿಂದ ಇಂದು ಮೂರು ಕೆಲಸ ಮಾಡೋಣ. ಮನೆಗೆ ಹೋಗಿ ತೆನೆಯನ್ನು ಪೀಠದ ಮೇಲಿಟ್ಟು, ಮನೆಮಂದಿಯೆಲ್ಲ ಸೇರಿ ಪ್ರಾರ್ಥಿಸಿರಿ. ಹೊಸ ಅಕ್ಕಿಯ ಕಾಳು ಹಾಕಿದ ಹಾಲನ್ನೋ ಪಾಯಸವನ್ನೋ ಹಿರಿಯರ ಕೈಯಿಂದಲೇ ಪಡೆಯಿರಿ, ಅಷ್ಟು ಹೊತ್ತು ಟಿ.ವಿ., ಮೊಬೈಲು ಸುಮ್ಮನಿರಲಿ. ಎರಡನೆಯದಾಗಿ, ಊಟಕ್ಕೆ ಒಂದು ಎಲೆ ಹೆಚ್ಚು ಹಾಕಿರಿ. ಪಕ್ಕದಲ್ಲಿ ಒಂಟಿಯಾಗಿರುವವರನ್ನು ಕರೆತನ್ನಿರಿ. ಬರಲು ಕಾಲಿಲ್ಲದವರಿಗೆ ರೂತಳಂತೆ ಕೊಂಡೊಯ್ಯಿರಿ, ಆದರೆ ಪಾತ್ರೆ ಕೊಟ್ಟು ಓಡಿ ಬರಬೇಡಿ. ಅವರು ಉಂಡು ಮುಗಿಸುವ ತನಕ ಕುಳಿತಿರಿ. ಗುರಿಕಾರರು ಇಂಥ ಮನೆಗಳ ಪಟ್ಟಿ ಮಾಡಿದ್ದಾರೆ, ಮೊದಲ ಮನೆಗೆ ನಾನೇ ಹೋಗುತ್ತೇನೆ. ಮೂರನೆಯದಾಗಿ, ಮಾತು ಬಿಟ್ಟವರ ಬಾಗಿಲಿಗೆ ಒಂದು ಲೋಟ ಪಾಯಸ ಹಿಡಿದು ಹೋಗಿರಿ. ನ್ಯಾಯ ಯಾರದು ಎಂಬುದನ್ನು ಇನ್ನೊಂದು ದಿನ ಮಾತಾಡಬಹುದು.

ಇಂದು ಮನೆಗೆ ಎಷ್ಟು ತೆನೆ ಎಂದು ನಾನು ಲೆಕ್ಕ ಕೇಳುವುದಿಲ್ಲ. ದೂರದಲ್ಲಿರುವ ಮಕ್ಕಳಿಗಾಗಿ ಬೇಕಾದವರು ಕೇಳಿ ತೆಗೆದುಕೊಳ್ಳಿರಿ. ಹುಟ್ಟುಹಬ್ಬದ ಈ ದಿನ ನಮ್ಮ ತಾಯಿ ಮರಿಯಮ್ಮನವರು ತಮ್ಮ ಮಕ್ಕಳೆಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದನ್ನು ಕಾಣಲಿ. ನಿಮಗೂ ನಿಮ್ಮ ಮನೆಯವರಿಗೂ ತೆನೆಹಬ್ಬದ ಶುಭಾಶಯಗಳು. ಆಮೆನ್.