ಏಳು ಸೀಟು, ಐದು ನಕ್ಷತ್ರ

(ತುಮಕೂರಿನಲ್ಲಿ ಓದುಗರ ಭಾನುವಾರದ ಕೂಟವೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಸಂಸ್ಕೃತಿಯ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ನಾನು ಕಾರಿನ ಮಾತು ತೆಗೆಯುತ್ತಿದ್ದೇನೆ, ಮನ್ನಿಸಬೇಕು. ಮದುವೆಯ ಊಟಕ್ಕೆ ಎಷ್ಟು ಎಲೆ ಎಂದು ಲೆಕ್ಕ ಹಾಕುವ ಹಾಗೆ, ಕಾರು ಕೊಳ್ಳುವಾಗಲೂ ನಾವು ಮೊದಲು ಕೇಳುವುದು ‘ಎಷ್ಟು ಜನ ಕೂರಬಹುದು?’ ಎಂದೇ. ನಮ್ಮ ಸಂಸಾರದ ಸ್ವರೂಪ ಆ ಪ್ರಶ್ನೆಯಲ್ಲಿದೆ.

ಕೆಲವು ತಿಂಗಳ ಹಿಂದೆ ನಮ್ಮ ಮನೆಯಲ್ಲೂ ಈ ಪ್ರಶ್ನೆ ಎದ್ದಿತು. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ನಾವಿಬ್ಬರು. ಒಟ್ಟು ಆರು ಮಂದಿ. ಕೈಯಲ್ಲಿರುವ ದುಡ್ಡಿಗೆ ಒಂದು ಮಿತಿಯಿತ್ತು. ನಾನು ಏಳು ಸೀಟಿನ ಎಸ್‌ಯುವಿ ಆಗಲಿ ಎಂದೆ. ಸೊಸೆ, ‘ಮಾವ, ಸೀಟು ಐದೇ ಇದ್ದರೂ ಪರವಾಗಿಲ್ಲ, ಐದು ನಕ್ಷತ್ರದ ಗಾಡಿ ಇರಲಿ’ ಎಂದಳು. ‘ಹಾಗಾದರೆ ನಾವಿಬ್ಬರು ಎಲ್ಲಿ ಕೂರಬೇಕಮ್ಮ?’ ಎಂದು ಕೇಳಿದೆ. ನನ್ನ ದನಿಯಲ್ಲಿ ಸ್ವಲ್ಪ ನೋವೂ ಇತ್ತೆಂದು ಕಾಣುತ್ತದೆ. ಅವಳು ಉತ್ತರಿಸಲಿಲ್ಲ. ಉತ್ತರ ಹುಡುಕುವ ಕೆಲಸ ನನಗೇ ಬಿತ್ತು.

ಜಾಗದ ಮೇಲಿನ ನಮ್ಮ ಮೋಹಕ್ಕೆ ಇತಿಹಾಸವಿದೆ. ಅಂಬಾಸಿಡರ್ ಕಾರಿನಲ್ಲಿ ಎಂಟು ಮಂದಿ ತುಂಬಿಕೊಂಡು ಜಾತ್ರೆಗೆ ಹೋದವರು ಇಲ್ಲಿ ಎಷ್ಟೋ ಜನರಿದ್ದೀರಿ. 1994ರಲ್ಲಿ ಟಾಟಾ ಸುಮೊ ಬಂದಿತು. 2000ದಲ್ಲಿ ನಮ್ಮ ಬಿಡದಿಯ ಕಾರ್ಖಾನೆಯಿಂದಲೇ ಟೊಯೊಟಾ ಕ್ವಾಲಿಸ್ ಹೊರಬಂದಿತು. ಇಡೀ ಮನೆ ಒಂದೇ ಗಾಡಿಯಲ್ಲಿ ಧರ್ಮಸ್ಥಳಕ್ಕೆ ಹೋಗಿಬರಬಹುದು ಎಂಬುದೇ ಇವುಗಳ ದೊಡ್ಡ ಗುಣವಾಗಿತ್ತು. ಗಾಡಿ ಡಿಕ್ಕಿ ಹೊಡೆದರೆ ಒಳಗಿದ್ದವರ ಗತಿಯೇನು ಎಂದು ಕೇಳುವ ರೂಢಿ ನಮ್ಮಲ್ಲಿರಲಿಲ್ಲ. ಗಟ್ಟಿ ತಗಡು ಇದ್ದರೆ ಸಾಕು ಎಂದುಕೊಂಡಿದ್ದೆವು.

ಆ ನಂಬಿಕೆ ಅರ್ಧ ಸತ್ಯ. 1951ರಲ್ಲಿ ಬೇಲಾ ಬರೇನಿ ಎಂಬ ಎಂಜಿನಿಯರ್ ಮರ್ಸಿಡಿಸ್ ಕಂಪೆನಿಯಲ್ಲಿದ್ದಾಗ ಹೊಸ ವಿಚಾರವೊಂದಕ್ಕೆ ಪೇಟೆಂಟ್ ಕೇಳಿದರು. ಜನ ಕೂರುವ ಗೂಡು ಗಟ್ಟಿಯಾಗಿರಬೇಕು, ಅದರ ಮುಂದಿನ ಮತ್ತು ಹಿಂದಿನ ಭಾಗ ಮಾತ್ರ ಬೇಕೆಂದೇ ನಜ್ಜುಗುಜ್ಜಾಗಬೇಕು ಎಂಬುದು ಆ ವಿಚಾರ. ತಗಡು ಮುದುಡುತ್ತಾ ಡಿಕ್ಕಿಯ ಶಕ್ತಿಯನ್ನು ನುಂಗುತ್ತದೆ, ಮನುಷ್ಯರು ಉಳಿಯುತ್ತಾರೆ. 1959ರಲ್ಲಿ ವೋಲ್ವೊ ಕಂಪೆನಿಯ ನಿಲ್ಸ್ ಬೋಲಿನ್ ಸೊಂಟವನ್ನೂ ಎದೆಯನ್ನೂ ಒಟ್ಟಿಗೆ ಹಿಡಿಯುವ ಮೂರು ಬಿಂದುಗಳ ಬೆಲ್ಟ್ ರೂಪಿಸಿದರು. ಆ ವಿನ್ಯಾಸವನ್ನು ಕಂಪೆನಿ ಬೇರೆಯವರಿಗೂ ಬಿಟ್ಟುಕೊಟ್ಟಿತು. ಇಂದು ನಾವು ಹಾಕಿಕೊಳ್ಳುವ, ಅಥವಾ ಸೀಟಿನ ಕವರಿನ ಕೆಳಗೆ ಹುದುಗಿಸಿಡುವ ಬೆಲ್ಟ್ ಅದೇ.

ಒಂದು ಸಣ್ಣ ಲೆಕ್ಕ ಮಾಡೋಣ. ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿದೆ, ಡಿಕ್ಕಿಯಾಗಿ ಅರ್ಧ ಮೀಟರಿನಷ್ಟು ಮುದುಡಿ ನಿಲ್ಲುತ್ತದೆ. ಆ ಕ್ಷಣ 10 ಕಿಲೊ ತೂಕದ ಮಗುವನ್ನು ತಡೆದು ಹಿಡಿಯಲು ಸುಮಾರು 200 ಕಿಲೊ ಭಾರ ಹೊರುವಷ್ಟು ಬಲ ಬೇಕು. ಎರಡು ಕ್ವಿಂಟಾಲ್ ಅಕ್ಕಿಯನ್ನು ತೋಳಲ್ಲಿ ಹಿಡಿಯಬಲ್ಲ ಅಜ್ಜಿ ಯಾವ ಊರಲ್ಲಿದ್ದಾಳೆ? ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ನಮಗೆ ಪ್ರೀತಿಯ ರೂಢಿ. ಆದರೆ ಈ ಲೆಕ್ಕದ ಮುಂದೆ ಆ ಪ್ರೀತಿ ನಿಲ್ಲುವುದಿಲ್ಲ.

ಈಗ ನಕ್ಷತ್ರಗಳ ವಿಷಯ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳ ಕಡಿಮೆ ಬೆಲೆಯ ಮಾದರಿಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ತಡೆಗೋಡೆಗೆ ಡಿಕ್ಕಿ ಹೊಡೆಸಿತು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಬಂದದ್ದು ಸೊನ್ನೆ. ಅವುಗಳಲ್ಲೊಂದಾದ ಪೋಲೊ ಕಾರಿಗೆ ಎರಡು ಏರ್‌ಬ್ಯಾಗ್ ಇಟ್ಟು ಮತ್ತೆ ಪರೀಕ್ಷಿಸಿದಾಗ ನಾಲ್ಕು ನಕ್ಷತ್ರ ಸಿಕ್ಕಿತು, ಏಕೆಂದರೆ ಅದರ ಗೂಡು ಗಟ್ಟಿಯಾಗಿತ್ತು. ಗೂಡೇ ಕುಸಿಯುವ ಕಾರಿಗೆ ಏರ್‌ಬ್ಯಾಗ್ ಇಟ್ಟು ಹೆಚ್ಚು ಪ್ರಯೋಜನವಿಲ್ಲ. 2018ರಲ್ಲಿ ಟಾಟಾ ನೆಕ್ಸಾನ್ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರಾಯಿತು. ಆದರೆ ಮಕ್ಕಳ ರಕ್ಷಣೆಯಲ್ಲಿ ಆಗ ಅದಕ್ಕೆ ಸಿಕ್ಕಿದ್ದು ಮೂರೇ. 2023ರ ಅಕ್ಟೋಬರಿನಲ್ಲಿ ನಮ್ಮದೇ ಭಾರತ್ ಎನ್‌ಕ್ಯಾಪ್ ಆರಂಭವಾಯಿತು. ಅದರಲ್ಲಿ ದೊಡ್ಡವರ ರಕ್ಷಣೆಗೆ 32 ಅಂಕ, ಮಕ್ಕಳ ರಕ್ಷಣೆಗೆ 49 ಅಂಕ, ಎರಡಕ್ಕೂ ಪ್ರತ್ಯೇಕ ನಕ್ಷತ್ರ. ಜಾಹೀರಾತಿನಲ್ಲಿ ಯಾವುದನ್ನು ದೊಡ್ಡದಾಗಿ ಹಾಕಿದ್ದಾರೆ ಎಂದು ನೋಡಿಕೊಳ್ಳಬೇಕು. ಪರೀಕ್ಷೆ ಯಾವ ವರ್ಷದ್ದು ಎಂದೂ ಕೇಳಬೇಕು, ಏಕೆಂದರೆ ನಿಯಮಗಳು ಬಿಗಿಯಾಗುತ್ತಾ ಬಂದಿವೆ.

ಇನ್ನೊಂದು ಸಂಗತಿ ನನ್ನ ಕಣ್ಣು ತೆರೆಸಿತು. ಈ ಪರೀಕ್ಷೆಯಲ್ಲಿ ದೊಡ್ಡವರ ಪುತ್ಥಳಿಗಳು ಮುಂದಿನ ಸೀಟಿನಲ್ಲಿ, ಮಕ್ಕಳ ಪುತ್ಥಳಿಗಳು ಎರಡನೆಯ ಸಾಲಿನಲ್ಲಿ ಕೂರುತ್ತವೆ. ನಾನು ಹಟ ಹಿಡಿದಿದ್ದ ಮೂರನೆಯ ಸಾಲಿನ ಬಗ್ಗೆ ನಕ್ಷತ್ರ ಹೆಚ್ಚೇನೂ ಹೇಳುವುದಿಲ್ಲ. ಗಿಡ್ಡ ಗಾಡಿಯಲ್ಲಿ ಆ ಸಾಲಿನ ಬೆನ್ನಿಗೇ ಹಿಂಬಾಗಿಲಿನ ಗಾಜು. ಹಿಂದಿನಿಂದ ಲಾರಿ ಗುದ್ದಿದರೆ ಮುದುಡಲು ಉಳಿದಿರುವ ಜಾಗ ಗೇಣು, ಎರಡು ಗೇಣು. ಎಲ್ಲರಿಗೂ ಸೀಟು ಸಿಕ್ಕಿತೆಂದ ಮಾತ್ರಕ್ಕೆ ಎಲ್ಲರಿಗೂ ಸಮಾನ ರಕ್ಷಣೆ ಸಿಕ್ಕಿತೆಂದಲ್ಲ.

ಹಾಗಾದರೆ ಉದ್ದದ ಗಾಡಿ ಕೊಳ್ಳಬಾರದೇ? ಇಲ್ಲಿ ಬೆಲೆ ಅಡ್ಡ ಬರುತ್ತದೆ. ಬೆಲೆಯ ಹಿಂದೆ ಸರ್ಕಾರದ ಒಂದು ಗೆರೆಯಿದೆ. 2006ರ ಬಜೆಟ್ಟಿನಲ್ಲಿ 4 ಮೀಟರ್ ಮೀರದ, ಸಣ್ಣ ಎಂಜಿನ್ನಿನ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿದರು. ಅಂದಿನಿಂದ ನಮ್ಮ ಕಾರುಗಳ ಅಂಗಾಂಗ ಆ ಗೆರೆಗೆ ತಕ್ಕಂತೆ ಬೆಳೆದಿದೆ. ಎಸ್‌ಯುವಿಯನ್ನೂ 4 ಮೀಟರಿನೊಳಗೆ ಮಡಚಿ ಕೂರಿಸಿದರು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರದಲ್ಲೂ ಗೆರೆ ಅಲ್ಲೇ ಇದೆ: ಒಳಗಿನ ಸಣ್ಣ ಎಂಜಿನ್ನಿನ ಕಾರಿಗೆ ಶೇ. 18, ದಾಟಿದ್ದಕ್ಕೆ ಶೇ. 40. ವಿದ್ಯುತ್ ಕಾರುಗಳ ಲೆಕ್ಕ ಬೇರೆ. ಒಳ್ಳೆಯ ನಕ್ಷತ್ರವಿರುವ, ಮೂರನೆಯ ಸಾಲಿನ ಹಿಂದೆಯೂ ಜಾಗವಿರುವ ಗಾಡಿ ನಮ್ಮ ಕೈಗೆ ಎಟುಕದ್ದರಲ್ಲಿ ಈ ಗೆರೆಯ ಪಾಲೂ ಇದೆ.

ಹಾಗೆಂದು ಹೆಚ್ಚು ದುಡ್ಡು ಕೊಟ್ಟರೆ ಜೀವ ಉಳಿದೇ ಉಳಿಯುತ್ತದೆ ಎಂದೇನೂ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಬಳಿ ತೀರಿಕೊಂಡದ್ದು ಬೆಲೆಬಾಳುವ ಕಾರಿನಲ್ಲೇ. ಹಿಂದಿನ ಸೀಟಿನಲ್ಲಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಆ ವರ್ಷ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ.

ಆದ್ದರಿಂದ ತೂಗುವ ಕ್ರಮ ನನಗೆ ಹೀಗೆ ತೋರಿತು. ಮೊದಲು ಗೂಡಿನ ಗಟ್ಟಿತನ ಮತ್ತು ಮಕ್ಕಳ ನಕ್ಷತ್ರ. ಎಸ್‌ಯುವಿ ಎತ್ತರದ ಗಾಡಿ, ತಿರುವಿನಲ್ಲಿ ಮಗುಚುವ ಭಯ ಹೆಚ್ಚು. ಜಾರಿದಾಗ ಚಕ್ರಗಳಿಗೆ ಬೇರೆಬೇರೆಯಾಗಿ ಬ್ರೇಕ್ ಹಾಕಿ ಹಿಡಿತ ಕೊಡುವ ಇಎಸ್‌ಸಿ ವ್ಯವಸ್ಥೆ ಇರಲೇಬೇಕು. ಪ್ರತಿ ಸೀಟಿಗೂ ಮೂರು ಬಿಂದುಗಳ ಬೆಲ್ಟ್ ಇರಬೇಕು. ಆಮೇಲೆ ಜಾಗ. ಚಾವಣಿಯ ಗಾಜು, ದೊಡ್ಡ ಪರದೆ, ಹೊಳೆಯುವ ಗಾಲಿಗಳು ಕೊನೆಗೆ. ಬೆಲೆ ತಗ್ಗಿಸಬೇಕೆಂದರೆ ಬಿಡಬೇಕಾದದ್ದು ಅವನ್ನೇ.

ನಾವು ಕೊಂಡದ್ದು ಐದು ಸೀಟಿನ ಗಾಡಿ. ಕಳೆದ ತಿಂಗಳು ಧರ್ಮಸ್ಥಳಕ್ಕೆ ಹೊರಟಾಗ ಮಗನ ಸಂಸಾರ ಕಾರಿನಲ್ಲಿ ಹೋಯಿತು. ನಾವಿಬ್ಬರು ಬಸ್ಸು ಹತ್ತಿದೆವು. ಒಟ್ಟಿಗೆ ಹೋಗಲಾಗಲಿಲ್ಲವಲ್ಲ ಎಂದು ನನ್ನ ಹೆಂಡತಿ ಹಾಸನದವರೆಗೂ ಗೊಣಗಿದಳು. ಆ ಬೇಸರ ಸುಳ್ಳಲ್ಲ. ಅದೂ ಒಂದು ಬೆಲೆಯೇ. ದೇವಸ್ಥಾನದ ಬಳಿ ಇಳಿದಾಗ ಕಾರು ಆಗಲೇ ಬಂದು ನಿಂತಿತ್ತು. ಕಿರಿಯವಳು ತನ್ನ ಪುಟ್ಟ ಸೀಟಿನಲ್ಲಿ, ಬೆಲ್ಟಿನೊಳಗೆ, ನಿದ್ದೆ ಹೋಗಿದ್ದಳು. ನನ್ನವಳು ಗೊಣಗುವುದನ್ನು ಅಲ್ಲಿಗೇ ನಿಲ್ಲಿಸಿದಳು.